ವೇವ್ ಫೈಲ್ ಕಳಿಸಿದರೆ ಟ್ರ್ಯಾಕ್‌ಗಳು ಜಾಗ ತಪ್ಪುತ್ತಿವೆ, ಯಾಕೆ?

ಪ್ರಶ್ನೆ:
ನನ್ನ ಹಾಡಿನ ಟ್ರ್ಯಾಕ್‌ಗಳನ್ನು (ಒಂದೊಂದು ವಾದ್ಯದ ರೆಕಾರ್ಡಿಂಗ್) ವೇವ್ ಆಡಿಯೋ ಫೈಲ್ ಮಾಡಿ ಗೆಳೆಯನಿಗೆ ಕಳಿಸಿದೆ. ಅವನು ಬಳಸೋದು ಬೇರೆ ರೆಕಾರ್ಡಿಂಗ್ ಪ್ರೋಗ್ರಾಮ್. ಅಲ್ಲಿ ತೆರೆದರೆ ಎಲ್ಲವೂ ಶುರುವಿಗೇ ಬಂದು ಕೂತಿವೆ, ಎರಡನೇ ಚರಣದಲ್ಲಿ ಬರಬೇಕಾದ ಕೊಳಲು ಮೊದಲ ಸೆಕೆಂಡಿಗೇ ಶುರುವಾಗುತ್ತದೆ! ಜಾಗದ ಮಾಹಿತಿ ಫೈಲ್ ಒಳಗೇ ಇರುತ್ತದೆ ಅಲ್ವಾ?

ಉತ್ತರ 1:
ಬ್ರಾಡ್‌ಕಾಸ್ಟ್ ವೇವ್ ಆಗಿದ್ದರೆ ಇರುತ್ತದೆ. ಯುರೋಪಿಯನ್ ಬ್ರಾಡ್‌ಕಾಸ್ಟಿಂಗ್ ಯೂನಿಯನ್ 1997ರಲ್ಲಿ ತಂದ ರೂಪ ಅದು. ಮಧ್ಯರಾತ್ರಿಯಿಂದ ಎಣಿಸಿದರೆ ಎಷ್ಟನೇ ಸ್ಯಾಂಪಲ್‌ಗೆ (ಧ್ವನಿಯ ಒಂದೊಂದು ಅಳತೆ) ಈ ಫೈಲ್ ಶುರು ಅನ್ನೋ ಒಂದು ಸಂಖ್ಯೆಯನ್ನು, ಅಂದರೆ ಟೈಮ್‌ಸ್ಟಾಂಪನ್ನು, ಅದರಲ್ಲಿ ಬರೆದಿಡಬಹುದು. ನೀವು ಎಕ್ಸ್‌ಪೋರ್ಟ್ ಮಾಡುವಾಗ ಅದು ಆನ್ ಇರಬೇಕು, ಅವರೂ ಇಂಪೋರ್ಟ್ ಮಾಡುವಾಗ ಟೈಮ್‌ಸ್ಟಾಂಪ್ ಪ್ರಕಾರ ಇಡು ಅಂತ ಹೇಳಬೇಕು. ಒಂದು ಕಡೆ ಬಿಟ್ಟರೂ ಸುಮ್ನೆ ಶುರುವಿಗೆ ಬಂದು ಬೀಳುತ್ತದೆ.

ಉತ್ತರ 2:
ಸ್ಯಾಂಪಲ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಸ್ಯಾಂಪಲ್ ಅನ್ನೋದನ್ನೂ ನೋಡಿ. ನಾನು ಇದರಲ್ಲಿ ಒಂದಿಡೀ ರಾತ್ರಿ ಕಳೆದಿದ್ದೇನೆ. 48,000ದಲ್ಲಿ 1 ಗಂಟೆ ಅಂದರೆ 17,28,00,000 ಸ್ಯಾಂಪಲ್. ಫೈಲನ್ನು 44,100ಕ್ಕೆ ಬದಲಿಸಿ ಆ ಸಂಖ್ಯೆಯನ್ನು ಹಾಗೇ ಬಿಟ್ಟರೆ ಟ್ರ್ಯಾಕ್ 5 ನಿಮಿಷಕ್ಕಿಂತ ಜಾಸ್ತಿ ಮುಂದೆ ಹೋಗಿ ನಿಲ್ಲುತ್ತದೆ.

ಉತ್ತರ 3:
ನಾನಂತೂ ಎಲ್ಲ ಟ್ರ್ಯಾಕನ್ನೂ ಸೊನ್ನೆಯಿಂದಲೇ ಎಕ್ಸ್‌ಪೋರ್ಟ್ ಮಾಡುತ್ತೇನೆ, ಮೌನವನ್ನೂ ಸೇರಿಸಿ. ಫೈಲ್ ದೊಡ್ಡದಾಗುತ್ತದೆ, ಆಗಲಿ. ಟೆಂಪೋವನ್ನು (ಹಾಡಿನ ವೇಗ) ಫೈಲ್ ಹೆಸರಲ್ಲೇ ಬರೆದುಬಿಡಿ.

ಪ್ರಶ್ನೆ ಕೇಳಿದವರು:
ಟೈಮ್‌ಸ್ಟಾಂಪ್ ಆನ್ ಮಾಡಿ ಮತ್ತೆ ಕಳಿಸಿದೆ. ಕೊಳಲು ಅದರ ಜಾಗಕ್ಕೇ ಬಂತು, ತುಂಬಾ ಥ್ಯಾಂಕ್ಸ್!