ಕಿಟಕಿಗೆ ಒಳಹಾಳೆ ಅಳವಡಿಸಿದ ಮೇಲೆ ಗಾಜು, ಹಾಳೆ ಎರಡರ ನಡುವೆ ನೀರು ಹನಿಗಟ್ಟುತ್ತಿದೆ

ಪ್ರಶ್ನೆ: ನಾವಿರುವುದು ಎಡಿನ್‌ಬರೋದ ಹಳೆಯ ಕಲ್ಲುಕಟ್ಟಡವೊಂದರ ಎರಡನೆಯ ಮಹಡಿಯಲ್ಲಿ. ಕಟ್ಟಡವು ಸಂರಕ್ಷಿತ ಪಟ್ಟಿಯಲ್ಲಿರುವುದರಿಂದ, ಮೇಲಕ್ಕೂ ಕೆಳಕ್ಕೂ ಸರಿಯುವ ಮರದ ಕಿಟಕಿಗಳನ್ನು ಬದಲಿಸುವ ಯೋಚನೆ ಬಿಟ್ಟು, ಅವುಗಳ ಸಂದುಗಳನ್ನೆಲ್ಲ ಸಿಲಿಕೋನ್‌ನಿಂದ ಮುಚ್ಚಿ, ಒಳಬದಿಗೆ ಮ್ಯಾಗ್ನೆಟ್ ಪಟ್ಟಿಯ ಮೇಲೆ ಕೂರುವ ಅಕ್ರಿಲಿಕ್ ಹಾಳೆಯನ್ನು ಅಳವಡಿಸಿದೆ. ಕೋಣೆ ಬೆಚ್ಚಗಾಯಿತು. ಆದರೆ ಬೆಳಿಗ್ಗೆ ನೋಡಿದರೆ ಹೊರಗಾಜಿನ ಒಳಮೈಯಿಂದ ನೀರಿಳಿದು ಕೆಳಗಿನ ಮರ ನೆನೆದಿರುತ್ತದೆ. ಮೂಲೆಯಲ್ಲಿ ಬಣ್ಣ ಏಳತೊಡಗಿದೆ. ಹಾಳೆಯನ್ನು ತೆಗೆದುಬಿಡಬೇಕೇ?

ಉತ್ತರ: ದಯವಿಟ್ಟು ತೆಗೆಯಬೇಡಿ. ಕೋಣೆಯ ಗಾಳಿ 20 ಡಿಗ್ರಿ ಇದ್ದು ಸಾಪೇಕ್ಷ ಆರ್ದ್ರತೆ (ಗಾಳಿ ಹಿಡಿದಿಡಬಲ್ಲ ತೇವದಲ್ಲಿ ಈಗ ಇರುವ ಪಾಲು) ಶೇ. 60 ಇದ್ದರೆ, ಸುಮಾರು 12 ಡಿಗ್ರಿಗಿಂತ ತಣ್ಣಗಿರುವ ಯಾವ ಮೈ ಮೇಲಾದರೂ ಅದರ ತೇವ ಹನಿಗಟ್ಟುತ್ತದೆ. ಮೊದಲು ಕೋಣೆಯ ಬಿಸಿ ನೇರವಾಗಿ ಹೊರಗಾಜಿಗೆ ತಾಗುತ್ತಿತ್ತು. ಈಗ ಹಾಳೆ ಅದನ್ನು ತಡೆಯುವುದರಿಂದ ಆ ಗಾಜು ಹಿಂದಿಗಿಂತ ತಣ್ಣಗಾಗಿದೆ. ಆದ್ದರಿಂದ ಒಳಗಿನ ಗಾಳಿ ಹಾಳೆಯ ಅಂಚಿನಿಂದ ಎಳೆಯಷ್ಟು ನುಸುಳಿದರೂ ಸಾಕು, ಅದರ ತೇವ ಅಲ್ಲಿಯೇ ನೀರಾಗಿ, ಹೊರಗೆ ಹೋಗಲು ದಾರಿಯಿಲ್ಲದೆ ಉಳಿಯುತ್ತದೆ. ಬಿಗಿ ಒಳಗಿರಬೇಕು, ಸಡಿಲ ಹೊರಗಿರಬೇಕು. ತಾವು ಮಾಡಿರುವುದು ಇದಕ್ಕೆ ತಿರುಗುಮುರುಗಾಗಿದೆ.

ಗಾಳಿ ಬೀಸುವ ದಿನ ಊದುಬತ್ತಿ ಹಚ್ಚಿ, ಹಾಳೆಯ ನಾಲ್ಕೂ ಅಂಚಿನ ಉದ್ದಕ್ಕೆ ನಿಧಾನವಾಗಿ ಹಿಡಿಯಿರಿ. ಬೆಂಕಿಯ ತುದಿ ಮಾತ್ರ ಅಕ್ರಿಲಿಕ್‌ಗೆ ತಾಗಬಾರದು. ಹೊಗೆ ಎಲ್ಲಿ ಬಾಗುತ್ತದೆಯೋ ಅಲ್ಲಿ ಪಟ್ಟಿ ಚೌಕಟ್ಟಿಗೆ ಕೂತಿಲ್ಲ. ಹಳೆಯ ಮರದ ಮೇಲೆ ಬಳಿದ ಬಣ್ಣದ ಉಬ್ಬುತಗ್ಗುಗಳೇ ಸಾಮಾನ್ಯವಾಗಿ ಇದಕ್ಕೆ ಕಾರಣ. ಆದರೆ ಬಹಳ ಹಳೆಯ ಬಣ್ಣದಲ್ಲಿ ಸೀಸ ಇರಬಹುದಾದ್ದರಿಂದ, ಪರೀಕ್ಷಿಸದೆ ಉಜ್ಜಬೇಡಿ. ಮರ ಪೂರ್ತಿ ಒಣಗಿದ ಮೇಲೆ ಪಟ್ಟಿಯನ್ನು ಹೊಸದಾಗಿ ಅಂಟಿಸಿ. ಹೊರಗಿನ ಸಿಲಿಕೋನನ್ನು ಕಿತ್ತು ಬ್ರಷ್ ಪಟ್ಟಿ ಹಾಕಿದರೆ ಕಿಟಕಿ ಮತ್ತೆ ಸರಿಯುತ್ತದೆ, ನಡುವಿನ ತೇವಕ್ಕೂ ಹೊರದಾರಿ ಸಿಗುತ್ತದೆ.

ಬಟ್ಟೆಯನ್ನು ಆ ಕೋಣೆಯಲ್ಲಿ ಒಣಹಾಕುತ್ತಿದ್ದೀರಾ? ಅದರ ತೇವವೂ ಕೋಣೆಯ ಗಾಳಿಗೆ ಸೇರುತ್ತದೆ. ಇನ್ನು ಸಂದುಗಳನ್ನು ಮುಚ್ಚುವಾಗ, ಗ್ಯಾಸ್ ಒಲೆಯಿರುವ ಕಡೆ ಗಾಳಿಕಿಂಡಿಯನ್ನು ಮಾತ್ರ ಎಂದಿಗೂ ಮುಚ್ಚಬೇಡಿ.

ಪ್ರಶ್ನೆ ಕೇಳಿದವರು: ತಮ್ಮ ಊಹೆ ಸರಿ, ಬಟ್ಟೆ ಅಲ್ಲಿಯೇ ಒಣಗುತ್ತಿತ್ತು. ಊದುಬತ್ತಿಯ ಹೊಗೆ ಕೆಳಗಿನ ಎಡಮೂಲೆಯಲ್ಲಿ ಒಮ್ಮೆಲೇ ಹಾಳೆಯ ಹಿಂದಕ್ಕೆ ನುಗ್ಗಿತು. ಪಟ್ಟಿ ಅಲ್ಲಿ ಬೆರಳಗಲದಷ್ಟು ಬಿಟ್ಟುಕೊಂಡಿತ್ತು. ಅದನ್ನು ಸರಿಪಡಿಸಿ, ಸಿಲಿಕೋನ್ ತೆಗೆದು ನಾಲ್ಕು ದಿನವಾಯಿತು. ಈ ಬೆಳಿಗ್ಗೆ ಗಾಜಿನ ಕೆಳತುದಿಯಲ್ಲಿ ತೆಳುವಾದ ಮಂಜು ಮಾತ್ರ ಇತ್ತು, ಮಧ್ಯಾಹ್ನದೊಳಗೆ ಅದೂ ಆರಿತು.