ಹಳೇ ಟಾಮ್ ಅಂಡ್ ಜೆರ್ರಿ ಮಕ್ಕಳಿಗೆ ತೋರಿಸ್ತೀರಾ?

ಪ್ರಶ್ನೆ (ನ್ಯೂಜೆರ್ಸಿ): ನಮಸ್ಕಾರ. ನಮ್ಮ ಮಾವನವರು ಮೈಸೂರಿಂದ ಬಂದಿದ್ದಾರೆ. ಸಂಜೆ ಮೊಮ್ಮಗಳ ಜೊತೆ ಹಳೇ ಟಾಮ್ ಅಂಡ್ ಜೆರ್ರಿ ನೋಡ್ತಾರೆ, ಇಬ್ಬರಿಗೂ ನಗು ತಡೆಯೋಕಾಗಲ್ಲ. ನಿನ್ನೆ ಮಗಳು ಕೇಳಿದಳು, "ಆ ಮನೆಕೆಲಸದ ಆಂಟಿ ಮುಖ ಯಾಕೆ ತೋರ್ಸಲ್ಲ? ಬಾಂಬ್ ಸಿಡಿದು ಟಾಮ್ ಮುಖ ಕಪ್ಪಾದ್ರೆ ತಾತ ಯಾಕೆ ನಗ್ತಾರೆ?" ಶನಿವಾರ ಅವಳ ಗೆಳತಿ ಆಡೋಕೆ ಬರ್ತಾಳೆ, ಆಫ್ರಿಕನ್ ಅಮೆರಿಕನ್ ಮಗು. ಆಗ ಟಿವಿಯಲ್ಲಿ ಇದೇ ಬರ್ತಿದ್ರೆ? ಮಾವನವರಿಗೆ ನೋವಾಗದ ಹಾಗೆ ಹೇಗೆ ಹೇಳಲಿ?

ಡಲ್ಲಾಸ್: ಇಷ್ಟಕ್ಕೆಲ್ಲ ತಲೆ ಕೆಡಿಸ್ಕೋಬೇಡಿ ಮೇಡಂ. ನಮ್ಮ ಮಗನೂ ಇದನ್ನೇ ನೋಡಿ ಬೆಳೆದವನು. ಈಗ ಮೆಡಿಕಲ್ ಓದ್ತಿದ್ದಾನೆ, ಎಲ್ಲರ ಜೊತೆ ಚೆನ್ನಾಗಿದ್ದಾನೆ.

ಶಿಕಾಗೊ: ತಂಗಿ, ಮಗು ಸರಿಯಾಗೇ ಕೇಳಿದೆ. ಆ ಕಪ್ಪು ಮನೆಕೆಲಸದವಳ ಪಾತ್ರದ ಹೆಸರು ಮ್ಯಾಮಿ ಟೂ ಶೂಸ್. 1940ರ ಮೊದಲ ಚಿತ್ರದಲ್ಲೇ ಇದ್ದಾಳೆ. ದನಿ ಕೊಟ್ಟವರು ಲಿಲಿಯನ್ ರಾಂಡಾಲ್ಫ್ ಅನ್ನೋ ಕಪ್ಪು ನಟಿ. 1960ರ ದಶಕದಲ್ಲಿ ಟಿವಿಗೋಸ್ಕರ ಆ ಪಾತ್ರವನ್ನ ಬಿಳಿ ಹೆಂಗಸಾಗಿ ಮತ್ತೆ ಬಿಡಿಸಿದ್ರು, ರಾಂಡಾಲ್ಫ್ ದನಿಯನ್ನೂ ತೆಗೆದ್ರು. ಈ ಪಾತ್ರದಲ್ಲೂ, ಮುಖ ಕಪ್ಪಾಗೋ ತಮಾಷೆಯಲ್ಲೂ ಕಪ್ಪು ಜನರನ್ನ ಅಣಕಿಸಿದ್ದು ಒಂದು ತಪ್ಪು, ಆಮೇಲೆ ಆ ಕಲಾವಿದೆಯನ್ನೇ ಅಳಿಸಿದ್ದು ಇನ್ನೊಂದು. ಟಾಮ್ ಅಂಡ್ ಜೆರ್ರಿ ಸ್ಪಾಟ್‌ಲೈಟ್ ಕಲೆಕ್ಷನ್ನಿನ ಎರಡನೇ ಡಿವಿಡಿ ಸೆಟ್‌ನಲ್ಲಿ ಕಪ್ಪು ನಟಿ ವೂಪಿ ಗೋಲ್ಡ್‌ಬರ್ಗ್ ಇದರ ಬಗ್ಗೆ ಮಾತಾಡಿದ್ದಾರೆ. ಮಾವನವರನ್ನೂ ಕೂರಿಸಿಕೊಂಡು ನೋಡಿ, ನೀವು ಬುದ್ಧಿ ಹೇಳಿದ ಹಾಗಾಗಲ್ಲ. ಶನಿವಾರಕ್ಕೆ ಟಾಮ್ ಪಿಯಾನೋ ನುಡಿಸೋ 'ದ ಕ್ಯಾಟ್ ಕನ್ಸರ್ಟೊ' ಹಾಕಿ. ಆಸ್ಕರ್ ಬಂದಿರೋದು, ಅದರಲ್ಲಿ ಇವು ಯಾವುದೂ ಇಲ್ಲ.

ಹ್ಯೂಸ್ಟನ್: ಪೂರ್ತಿ ನಿಲ್ಲಿಸೋದನ್ನ ನಾನು ಒಪ್ಪಲ್ಲ. 1999ರಲ್ಲಿ ಕಾರ್ಟೂನ್ ನೆಟ್‌ವರ್ಕ್‌ನವರು ಮೆಕ್ಸಿಕನ್ ಇಲಿ ಪಾತ್ರ ಸ್ಪೀಡಿ ಗೊನ್ಸಾಲೆಸ್‌ನ ಕೈಬಿಟ್ಟಾಗ, ಅವನು ಬೇಕು ಅಂತ ಲ್ಯಾಟಿನೊ (ಲ್ಯಾಟಿನ್ ಅಮೆರಿಕ ಮೂಲದವರ) ಸಂಘಟನೆಯವರೇ ಕೇಳಿದ್ರು. 2002ರಲ್ಲಿ ವಾಪಸ್ ಬಂದ.

ಸಿಯಾಟಲ್: ಸರ್, ಬೇಕು ಅಂದಿದ್ದು ಅವರ ಜನ. ಕಪ್ಪು ಜನರ ಪರವಾಗಿ ನಾವು ಹೇಗೆ ಹೇಳೋದು? ನಮ್ಮ ಮನೆಗಳಲ್ಲೇ ಮಗು ಹುಟ್ಟಿದ ತಕ್ಷಣ ಬಣ್ಣ ಕೇಳ್ತಾರೆ. ನನ್ನ ಮಗನನ್ನ ಶಾಲೆಯಲ್ಲಿ 'ಅಪು' ಅಂತ ಕರೀತಿದ್ರು, 'ದ ಸಿಂಪ್ಸನ್ಸ್' ಕಾರ್ಟೂನಿನ ಭಾರತೀಯ ಅಂಗಡಿಯವನ ಹೆಸರು. ಆ ದನಿ ಬಿಳಿಯ ನಟ ಹ್ಯಾಂಕ್ ಅಜಾರಿಯಾ ಅವರದು, 2020ರಲ್ಲಿ ಬಿಟ್ಟರು. ಅಷ್ಟರಲ್ಲಿ ನನ್ನ ಮಗ ಕನ್ನಡ ಮಾತಾಡೋದನ್ನೇ ಬಿಟ್ಟಿದ್ದ. ಸ್ನೇಹಿತರ ಮುಂದೆ ನಾನು ಬಾಯಿ ತೆಗೆದ್ರೆ ತಲೆ ತಗ್ಗಿಸ್ತಿದ್ದ.

ಟೊರಾಂಟೊ: ಅದಕ್ಕೇ ಹೇಳ್ತಿರೋದು, ಟಿವಿ ಆಫ್ ಮಾಡಿ! ಮನೇಲಿ ತಾತ ಇದ್ದಾರೆ, ಆ ಭಾಗ್ಯ ಎಷ್ಟು ಮಕ್ಕಳಿಗಿದೆ? ಪುಣ್ಯಕೋಟಿ ಹೇಳಿಕೊಡಲಿ, ಅ ಆ ಇ ಈ ತಿದ್ದಿಸಲಿ. ನಮ್ಮ ಮನೇಲಿ ಹತ್ತು ವರ್ಷದವರೆಗೆ ಕನ್ನಡ ಬಿಟ್ಟು ಬೇರೆ ಮಾತಿಲ್ಲ. ಭಾಷೆ ಗಟ್ಟಿಯಾದ್ರೆ ಮಗು ಯಾರ ಅಣಕಕ್ಕೂ ಕುಗ್ಗಲ್ಲ.

ಡಲ್ಲಾಸ್: ನೂರಕ್ಕೆ ನೂರು ನಿಜ ಸರ್.

ಬೋಸ್ಟನ್: ಪಿಕ್ಸಾರ್‌ನ 'ಸಂಜಯ್ಸ್ ಸೂಪರ್ ಟೀಮ್' (2015) ನೋಡಿ. ಅಪ್ಪ ಪೂಜೆ ಮಾಡ್ತಿದ್ರೆ ಮಗನಿಗೆ ಕಾರ್ಟೂನ್ ಚಿಂತೆ. ತಾತನಿಗೂ ಹಿಡಿಸುತ್ತೆ.

ಹ್ಯೂಸ್ಟನ್: ಟೊರಾಂಟೊ ಸರ್, ಪುಟ್ಟ ಮಕ್ಕಳಿಗೆ ಆನ್‌ಲೈನ್ ಕನ್ನಡ ಕ್ಲಾಸ್ ಇದ್ಯಾ? ನನ್ನ ಮಗಳಿಗೆ ಐದು.

ನ್ಯೂಜೆರ್ಸಿ: ಶಿಕಾಗೊ ಅಕ್ಕ, ಥ್ಯಾಂಕ್ಸ್. ಮಾವನವರಿಗೆ ಇಂಗ್ಲಿಷ್ ಅಷ್ಟು ಬರಲ್ಲ, ಡಿವಿಡಿ ನಡುನಡುವೆ ನಿಲ್ಲಿಸಿ ನಾನೇ ಕನ್ನಡದಲ್ಲಿ ಹೇಳ್ತೀನಿ.

ಟೊರಾಂಟೊ: ಇದೆ. ವಿವರ ಕಳಿಸ್ತೀನಿ. ಬೇರೆ ಯಾರಿಗೆಲ್ಲ ಬೇಕು?