ಪಂಚಾಯ್ತಿ ತನಕ ಬಂದ ಫೈಬರ್ ಮನೆಗೆ ತರೋದು ಹೇಗೆ?

ತೋಟದಮನೆ

ನಮ್ಮದು ಶಿವಮೊಗ್ಗ ಜಿಲ್ಲೆಯ ಒಂದು ಮಲೆನಾಡು ಹಳ್ಳಿ. ಪಂಚಾಯ್ತಿ ಆಫೀಸಿಗೆ ಫೈಬರ್ ಬಂದು ಬಹಳ ವರ್ಷ ಆಯ್ತು. ಗೋಡೆಗೆ ಡಬ್ಬಿ ಹೊಡೆದಿದ್ದಾರೆ, ಅದರಲ್ಲಿ ಕೆಂಪು ದೀಪ ಒಂದೇ ಸಮ ಮಿನುಗುತ್ತದೆ. ಕೇಳಿದರೆ "ಮೇಲಕ್ಕೆ ಬರೆದಿದ್ದೇವೆ" ಅನ್ನುತ್ತಾರೆ. ಅಲ್ಲಿಂದ ನಮ್ಮ ಕೇರಿಗೆ 3 ಕಿಲೋಮೀಟರ್. ಹನ್ನೆರಡು ಹದಿಮೂರು ಮನೆ ಇರಬಹುದು, ಎಲ್ಲ ಒಂದೊಂದು ತೋಟದ ಮೂಲೆಯಲ್ಲಿ. ಫೋನ್ ಮಾಡಬೇಕಂದ್ರೆ ಹಿಂದಿನ ಬ್ಯಾಣ (ಹುಲ್ಲುಗುಡ್ಡ) ಹತ್ತಬೇಕು.

ತಂಗಿಗೆ ಬೆಂಗಳೂರಿನ ಆಫೀಸಿನವರು ಊರಿಂದಲೇ ಕೆಲಸ ಮಾಡಲು ಒಪ್ಪಿದ್ದಾರೆ, ಅಪ್ಪ ಅಮ್ಮನ ಜತೆ ಇರೋಣ ಅಂತ ಅವಳಿಗೂ ಆಸೆ. ಪಂಚಾಯ್ತಿ ಡಬ್ಬಿಯಿಂದಲೇ ನಮ್ಮ ಖರ್ಚಲ್ಲಿ ಲೈನ್ ಎಳೆಸಬಹುದಾ? ಅಥವಾ ಏರ್‌ಫೈಬರ್ (ಟವರಿಂದ ಬರೋ ನೆಟ್), ಸ್ಟಾರ್‌ಲಿಂಕ್ (ಉಪಗ್ರಹದ ನೆಟ್) ಅಂತ ಕಾಯಬೇಕಾ? ಸ್ಪೀಡ್ ಜಾಸ್ತಿ ಬೇಡ, ಮಳೆಗಾಲದಲ್ಲೂ ನಡೆದರೆ ಸಾಕು.

ಜಾಯಿಂಟ್‌ಡಬ್ಬಿ

ಫೈಬರ್ ಜೋಡಿಸೋದೇ ನನ್ನ ಕೆಲಸ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ಫೈಬರಲ್ಲಿ ನೆಟ್ ಬರೋದು ಬೆಳಕಿನ ರೂಪದಲ್ಲಿ; ಕೆಂಪು ದೀಪ ಅಂದರೆ ಆ ಡಬ್ಬಿಗೆ ಬೆಳಕೇ ಬರುತ್ತಿಲ್ಲ, ದಾರಿಯಲ್ಲಿ ಎಲ್ಲೋ ಕಟ್ ಆಗಿದೆ. ಪಂಚಾಯ್ತಿಗಳಿಗೆ ಫೈಬರ್ ಕೊಡೋಕೆ 2011ರಲ್ಲಿ ಒಪ್ಪಿಗೆ ಸಿಕ್ಕ ಕೇಂದ್ರದ ಯೋಜನೆ ಇದು, 2015ರಲ್ಲಿ ಭಾರತ್‌ನೆಟ್ ಅಂತ ಹೆಸರಾಯ್ತು. ಮೊದಲ ಹಂತದಲ್ಲಿ ಬೆಳಕು ಕಳಿಸೋ ಮಷೀನ್ (ಒಎಲ್‌ಟಿ ಅನ್ನುತ್ತೇವೆ) ತಾಲ್ಲೂಕಿನ ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಇಟ್ಟು, ಅಲ್ಲಿಂದ ಒಂದೇ ಎಳೆ ಫೈಬರನ್ನು ಸ್ಪ್ಲಿಟರ್ ಹಾಕಿ ಹಲವು ಪಂಚಾಯ್ತಿಗೆ ಹಂಚಿದರು. ಹೊಸ ಕೇಬಲ್ ಎಲ್ಲ ಕಡೆ ಹಾಕಲಿಲ್ಲ, ಒಂದಷ್ಟು ದೂರ ಹಳೇ ಕೇಬಲನ್ನೇ ಬಳಸಿದರು. ರಸ್ತೆ ಅಗಲ ಮಾಡುವ ಜೆಸಿಬಿ ಒಂದು ಕಡೆ ಬಕೆಟ್ ಹಾಕಿದರೆ ಅಲ್ಲಿಂದಾಚೆಯ ಊರುಗಳೆಲ್ಲ ಸತ್ತಂತೆ. ಬೆಳಕು ಬರೋಕೆ ಬೇರೆ ದಾರಿಯೇ ಇರಲಿಲ್ಲ.

2023ರ ಆಗಸ್ಟಲ್ಲಿ 1.39 ಲಕ್ಷ ಕೋಟಿಯ ಹೊಸ ಯೋಜನೆಗೆ ಒಪ್ಪಿಗೆ ಕೊಟ್ಟರಲ್ಲ, ಅದರಲ್ಲಿ ರಿಂಗ್ ಮಾಡುತ್ತಾರೆ, ಅಂದರೆ ಕೇಬಲನ್ನು ಉಂಗುರದ ಹಾಗೆ ಸುತ್ತಿ ತರುತ್ತಾರೆ. ಒಂದು ಕಡೆ ಕಟ್ ಆದರೆ ಇನ್ನೊಂದು ಕಡೆಯಿಂದ ಬರುತ್ತದೆ. ಕೇಬಲ್ ಹಾಕಿದವರೇ ಹತ್ತು ವರ್ಷ ನೋಡಿಕೊಳ್ಳಬೇಕು ಅಂತಲೂ ಇದೆ. ನನ್ನ ಕೇಳಿದರೆ ರಿಂಗಿಗಿಂತ ಇದೇ ದೊಡ್ಡ ವಿಷಯ.

ಡಬ್ಬಿಯಿಂದ ನೀವೇ ಎಳೆಯೋಕೆ ಆಗಲ್ಲ. ಆದರೆ ಹಳ್ಳಿ ಕಡೆ ಬಿಎಸ್‌ಎನ್‌ಎಲ್ ಫೈಬರ್ ಕೊಡೋದು ಬಹುತೇಕ ಊರಿನ ಕೇಬಲ್‌ನವರ ಮೂಲಕ. ಅವರು ಲೈನ್ ಎಳೆಯುತ್ತಾರೆ, ತಿಂಗಳ ಬಿಲ್ಲಲ್ಲಿ ಪಾಲು ತಗೋತಾರೆ. ಅಂಥವರನ್ನು ಹಿಡಿಯಿರಿ. ದೂರದ ಚಿಂತೆ ಬಿಡಿ, 3 ಕಿಲೋಮೀಟರಿಗೆ ಬೆಳಕು ಸುಮಾರು ಒಂದು ಡಿಬಿ (ಬೆಳಕಿನ ನಷ್ಟದ ಅಳತೆ) ಕಮ್ಮಿ ಆಗಬಹುದು ಅಷ್ಟೆ, ಕೊಳೆ ಹಿಡಿದ ಒಂದು ಕನೆಕ್ಟರ್ ಅಷ್ಟನ್ನು ತಿಂದು ಹಾಕುತ್ತದೆ. ಲೈನ್ ಕೊಟ್ಟ ದಿನ ಪವರ್ ಮೀಟರ್ (ಬೆಳಕಿನ ಬಲ ಅಳೆಯೋದು) ಹಾಕಿ ತೋರಿಸಿ ಅನ್ನಿ. ಮೈನಸ್ 20ರ ಆಸುಪಾಸು ಇದ್ದರೆ ಒಳ್ಳೆಯದು, ಅದಕ್ಕಿಂತ ಕೆಳಗಿಳಿದಷ್ಟೂ ಬೆಳಕು ಕಮ್ಮಿ ಅಂತ ಅರ್ಥ. ಮೈನಸ್ 26, 27 ತೋರಿಸಿದರೆ ಅವತ್ತು ನೆಟ್ ಓಡಿದರೂ ಒಪ್ಪಬೇಡಿ, ಆರಿದ್ರಾ ಮಳೆಗೆ ಜಾಯಿಂಟಲ್ಲಿ ನೀರು ಕೂತರೆ ಅದು ಉಳಿಯಲ್ಲ.

ಘಟ್ಟದಮೇಲೆ

ಏರ್‌ಫೈಬರಿಗೆ ಹತ್ತಿರದಲ್ಲಿ 5ಜಿ ಟವರ್ ಬೇಕು ಮಾರಾಯ್ರೆ. ಫೋನಿಗೇ ಬ್ಯಾಣ ಹತ್ತೋ ಊರಲ್ಲಿ ಅದರ ಮಾತು ಸುಮ್ನೆ. ಸ್ಟಾರ್‌ಲಿಂಕಿಗೆ 2025ರ ಜೂನಲ್ಲಿ ಲೈಸೆನ್ಸ್ ಸಿಕ್ಕಿದೆ ನಿಜ, ಆದರೆ ಅದಕ್ಕೆ ತೆರೆದ ಆಕಾಶ ಬೇಕು, ಅಡಿಕೆ ಮರದ ನೆತ್ತಿ ಅಡ್ಡ ಬಂದರೆ ವಿಡಿಯೋ ಕಾಲ್ ನಡುವೆ ನಡುವೆ ಕಡಿಯುತ್ತದೆ.

ಇನ್ನೊಂದು ದಾರಿ ಇದೆ. ಬ್ಯಾಣದ ಮೇಲಿಂದ ಪೇಟೆ ಕಾಣುತ್ತದಾ? ಕಂಡರೆ ಪೇಟೆಯಲ್ಲಿ ಫೈಬರ್ ಇರೋ ನೆಂಟರ ಮನೆಯಿಂದ 5 ಗಿಗಾಹರ್ಟ್ಸ್ ರೇಡಿಯೋ (ತಂತಿಯಿಲ್ಲದೆ ನೆಟ್ ಕಳಿಸೋ ಜೋಡಿ ಆಂಟೆನಾ) ಹಾಕಿ ನೆಟ್ ತರಬಹುದು. 2018ರಿಂದ ಆ ಬ್ಯಾಂಡಿಗೆ ಲೈಸೆನ್ಸ್ ಬೇಡ. ಕಣ್ಣಿಗೆ ಕಂಡರೆ ಮಾತ್ರ, ನಡುವೆ ಒದ್ದೆ ಎಲೆ ಇದ್ದರೂ ಸಿಗ್ನಲ್ ಬರಲ್ಲ. ಆದರೆ ಹಾಗೆ ತಂದ ನೆಟ್ಟನ್ನು ಕೇರಿಗೆಲ್ಲ ದುಡ್ಡಿಗೆ ಹಂಚೋ ಹಾಗಿಲ್ಲ, ಅದಕ್ಕೆ ಲೈಸೆನ್ಸ್ ಬೇಕು.

ಕೇಬಲ್‌ಕಂಬ

ನಾನು ಉತ್ತರ ಕನ್ನಡದಲ್ಲಿ ಇದೇ ಕೆಲಸ ಮಾಡೋನು. ಎಲ್ಲರೂ ಕೇಬಲ್ ರೇಟ್ ಕೇಳುತ್ತಾರೆ, ಆದರೆ ಖರ್ಚು ಅಲ್ಲಿಲ್ಲ. ಕರೆಂಟ್ ಕಂಬಕ್ಕೆ ಪರ್ಮಿಷನ್ ಬೇಕು, ಅದು ಸಿಗದಿದ್ದರೆ ಮರಕ್ಕೆ ಕಟ್ಟೋದು. ಅಡಿಕೆ ಮರಕ್ಕೆ ಕಟ್ಟಿದರೆ ಗಾಳಿಗೆ ಓಲಾಡಿ ಎಳೆಯುತ್ತದೆ, ಕೊಯ್ಲಿನಲ್ಲಿ ದೋಟಿ ಸಿಕ್ಕಿಕೊಳ್ಳುತ್ತದೆ, ಮೇಲಿಂದ ಸೋಗೆ ಬೀಳುತ್ತದೆ. ತೋಟದ ಅಂಚಿನಲ್ಲಿ, ಬೇಲಿ ಗುಂಟ ತನ್ನಿ. ದಾರಿಯಲ್ಲಿ ಅಲ್ಲಲ್ಲಿ ಹತ್ತು ಮೀಟರ್ ಕೇಬಲ್ ಹೆಚ್ಚಿಗೆ ಸುತ್ತಿ ಇಡಿಸಿ. ಮರ ಬಿದ್ದು ತುಂಡಾದಾಗ ಆ ಸುತ್ತಿನಿಂದ ಎಳೆದುಕೊಂಡರೆ ಒಂದೇ ಜಾಯಿಂಟಲ್ಲಿ ಮುಗಿಯುತ್ತದೆ, ಇಲ್ಲದಿದ್ದರೆ ನಡುವೆ ತುಂಡು ಸೇರಿಸಿ ಎರಡು ಜಾಯಿಂಟ್.

ಯಾರೂ ಕೇಳದ ಪ್ರಶ್ನೆ ಇನ್ನೊಂದು: ಒಎಲ್‌ಟಿ ಎಲ್ಲಿದೆ, ಕರೆಂಟ್ ಹೋದರೆ ಅದು ಎಷ್ಟು ಗಂಟೆ ಓಡುತ್ತದೆ? ನಿಮ್ಮ ಮನೆ ರೂಟರಿಗೆ ಸಣ್ಣ ಯುಪಿಎಸ್ ಇಟ್ಟರೂ ಆ ತುದಿಯಲ್ಲಿ ಬ್ಯಾಟರಿ ಸತ್ತರೆ ಏನು ಪ್ರಯೋಜನ? ನಮ್ಮ ಕಡೆ ಜುಲೈನಲ್ಲಿ ಲೈನ್ ಕಟ್ ಆಗೋದಕ್ಕಿಂತ ಹೀಗೆ ನಿಲ್ಲೋದೇ ಜಾಸ್ತಿ.

ಮೂಲೆಮನೆ_ಅಕ್ಕ

ಹೊಸ ಯೋಜನೆಯಲ್ಲಿ ಪಂಚಾಯ್ತಿ ಅಲ್ಲದ ಹಳ್ಳಿಗಳಿಗೂ ಬೇಡಿಕೆ ಬಂದರೆ ಫೈಬರ್ ಕೊಡೋದು ಅಂತ ಇದೆ. ಗ್ರಾಮಸಭೆಯಲ್ಲಿ ಠರಾವು ಮಾಡಿಸಿ. ಬರೀ ಕಾಗದ ಅಂತ ಬೈಬೇಡಿ, ಬರೆದು ಕೊಡದಿದ್ದರೆ ನಿಮ್ಮೂರಲ್ಲಿ ಬೇಡಿಕೆಯೇ ಇಲ್ಲ ಅಂತ ಲೆಕ್ಕ.

ತೋಟದಮನೆ

ಎಲ್ಲರಿಗೂ ಥ್ಯಾಂಕ್ಸ್. ಬ್ಯಾಣದಿಂದ ಪೇಟೆ ಕಾಣಲ್ಲ, ಗುಡ್ಡ ಅಡ್ಡ. ಕೇಬಲ್‌ನವರ ಹತ್ತಿರ ಮಾತಾಡಿದೆ, ಹತ್ತು ಮನೆ ಸೇರಿದರೆ ಎಳೆಯುತ್ತೇವೆ ಅಂದರು. ಎಂಟು ಮನೆಯವರು ಹೂಂ ಅಂದಿದ್ದಾರೆ. ಒಎಲ್‌ಟಿ ಎಲ್ಲಿ ಅಂದರೆ ಪೇಟೆಯಲ್ಲಿ ಒಂದು ಅಂಗಡಿ ಮಹಡಿ ಮೇಲಂತೆ, ಬ್ಯಾಟರಿ ನಾಲ್ಕು ಗಂಟೆ ಬರುತ್ತದಂತೆ. ನಾಲ್ಕು ಗಂಟೆ ಸಾಲಲ್ಲ ಅಲ್ವಾ?

ಕೇಬಲ್‌ಕಂಬ

ಸಾಲಲ್ಲ. ಇನ್ನೊಂದು ಬ್ಯಾಟರಿ ಹಾಕಿ, ಬೇಕಾದರೆ ನಾವೂ ಸ್ವಲ್ಪ ಸೇರಿಸುತ್ತೇವೆ ಅನ್ನಿ. ಮಾತು ಈಗಲೇ ಆಗಲಿ, ಲೈನ್ ಎಳೆದ ಮೇಲೆ ಅವರು ಫೋನ್ ಎತ್ತಲ್ಲ.